ರೇಣುಗೆ, ಗಂಗಾವತಿಯಿಂದ ನಿನ್ನ ಚಿಕ್ಕವ್ವ

ರೇಣು, ನಿನ್ನೆ ರಾತ್ರಿ ಫೋನಿನ್ಯಾಗ ನೀ ಅಳಾಕತ್ತಿದ್ದಿ, ನನಗ ಏನು ಹೇಳಬೇಕೋ ತಿಳೀಲಿಲ್ಲ, ಅದಕ್ಕ ಇವತ್ತು ಕುಂತು ಟೈಪ್ ಮಾಡಾಕತ್ತೀನಿ. ನಿನಗ ಲೂಪಸ್ ಅಂತ ಗೊತ್ತಾಗಿ ಎರಡು ತಿಂಗಳಾತು, ನನಗ ಲೂಪಸ್ ಅಂತ ಗೊತ್ತಾಗಿ 19 ವರ್ಷಾತು. ನೀ ಅಳೋದು ನಿನ್ನ ಸಲುವಾಗಿ ಅಲ್ಲ, ಕೂಸಿಗೂ ಇದು ಬರತೈತೇನೋ ಅಂತ, ಅದು ನನಗ ಗೊತ್ತೈತಿ.

ಮೊದಲ ಇದನ್ನ ಕೇಳು, ಇದು ಅಂಟುರೋಗ ಅಲ್ಲ. ಮೈ ಕಾಯಬೇಕಾದ ಶಕ್ತಿನ ತಪ್ಪು ತಿಳ್ಕೊಂಡು ನಮ್ಮ ಕೀಲು, ಚರ್ಮ, ಕಿಡ್ನಿ ಮ್ಯಾಲೆ ಬೀಳತೈತಿ ಅಷ್ಟ. ನಿಮ್ಮತ್ತಿ ನಿನಗ ಬ್ಯಾರೆ ತಾಟು ಇಟ್ಟಾರಂತಲ್ಲ, ಅವರಿಗೆ ಸಮಾಧಾನದಿಂದ ತಿಳಿಸಿ ಹೇಳು, ಕೂಸು ನಿನ್ನ ಜೋಡಿ ಉಣ್ಣಲಿ, ನಿನ್ನ ಮಗ್ಗಲಾಗ ಮಲಗಲಿ. ವಂಶದ ಪಾಲು ಸ್ವಲ್ಪ ಐತಿ, ನಾ ಸುಳ್ಳು ಹೇಳಂಗಿಲ್ಲ, ಆದ್ರ ಸಾಮಾನ್ಯವಾಗಿ ಒಂದ ಜೀನಿಂದ ಬರೋದಲ್ಲ, ಬಾಳ ಜೀನ್ ಕೂಡಬೇಕು, ಮ್ಯಾಲೆ ಬಿಸಿಲು, ಇನ್ಫೆಕ್ಷನ್, ಹಾರ್ಮೋನು ಇಂಥಾವೂ ಸೇರಬೇಕು. ಲೂಪಸ್ ಇರೋ ತಾಯಂದಿರ ಮಕ್ಕಳಿಗೆ ಬಹುತೇಕ ಇದು ಬರೋದ ಇಲ್ಲ.

ನಾಳೆ ಕೂಸಿಗೆ ಎಎನ್ಎ ಟೆಸ್ಟ್, ಅಂದ್ರ ನಮ್ಮ ಮೈ ಮ್ಯಾಲೇ ಬೀಳೋ ಆಂಟಿಬಾಡಿ ರಕ್ತದಾಗ ಅದಾವೋ ಅಂತ ನೋಡೋ ಟೆಸ್ಟ್, ಮಾಡಿಸ್ತೀನಿ ಅಂದ್ಯಲ್ಲ, ಅದನ್ನ ಬಿಡು. ನನ್ನ ಮಗಳಿಗೆ 9 ವರ್ಷ ಇದ್ದಾಗ ನಾ ಯಾರನ್ನೂ ಕೇಳದ ಲ್ಯಾಬಿಗೆ ಕರ್ಕೊಂಡು ಹೋದೆ, ಪಾಸಿಟಿವ್ ಬಂತು, ಒಂದು ವರ್ಷ ಆಕಿನ ಬಿಸಿಲಿಗೆ ಬಿಡಲಿಲ್ಲ, ಕುಂಟಾಬಿಲ್ಲಿ ಆಡಾಕ ಬಿಡಲಿಲ್ಲ, ರಾತ್ರಿ ಎದ್ದೆದ್ದು ಹಣಿ ಮುಟ್ಟಿ ನೋಡ್ತಿದ್ದೆ. ಆಮ್ಯಾಲೆ ಡಾಕ್ಟರು ಹೇಳಿದ್ರು, ಆರಾಮಿರೋ ಎಷ್ಟೋ ಮಂದಿಗೂ ಅದು ಪಾಸಿಟಿವ್ ಬರತೈತಿ, ಲಕ್ಷಣ ಇಲ್ಲಂದ್ರ ಅದೊಂದರಿಂದ ಏನೂ ತಿಳಿಯಂಗಿಲ್ಲ ಅಂತ. ಆಕಿಗೆ ಈಗ 23, ಆರಾಮ ಅದಾಳ. ಆ ಒಂದು ವರ್ಷ ಆಕಿಗೆ ವಾಪಸ್ ಕೊಡಾಕ ಆಗವಲ್ದು ನನಗ.

ಟೆಸ್ಟ್ ಬದ್ಲಿ ಕಣ್ಣಿಟ್ಟು ನೋಡು. ವಾರಗಟ್ಟಲೆ ಬಿಡದ ಜ್ವರ, ಕೀಲು ಬಾತುಕೊಂಡು ಮುಂಜಾನಿ ಏಳಾಕ ಆಗದಿರೋದು, ಬಿಸಿಲಿಗೆ ಹೋಗಿ ಬಂದ ಮ್ಯಾಲೆ ಕೆನ್ನಿ ಮೂಗಿನ ಮ್ಯಾಲೆ ಕೆಂಪು, ಬಾಯಾಗ ಹುಣ್ಣು, ಮಾರಿ ಕಾಲು ಬಾವು, ಉಚ್ಚಿ ನೊರಿನೊರಿ. ಮಕ್ಕಳಿಗೆ ಬಂದ್ರ ಕಿಡ್ನಿಗೆ ಹೋಗೋದು ದೊಡ್ಡವರಿಗಿಂತ ಜಾಸ್ತಿ, ಅದಕ್ಕ ಬಾವು ನೊರಿ ಕಂಡ್ರ ಕಾಯಬ್ಯಾಡ, ಯೂರಿನ್ ಟೆಸ್ಟ್ ಮಾಡಿಸು. ನಾ ನಾಟಿ ಟೈಮಿಗೆ ಗದ್ದ್ಯಾಗ ನಿಂತು ಬಂದಾಗೆಲ್ಲ ಮಾರಿ ಕೆಂಪಾಗ್ತಿತ್ತು, ಬಿಸಿಲಿಗೆ ಅಂದ್ಕೊಂಡು ಎರಡು ವರ್ಷ ಸುಮ್ನಿದ್ದೆ.

ಇನ್ನೊಂದು ಕೂಸು ಬೇಕಂದ್ರ ಬ್ಯಾಡ ಅನ್ನಂಗಿಲ್ಲ, ಆದ್ರ ಮೊದಲ ಡಾಕ್ಟರಿಗೆ ಹೇಳಿ ತಯಾರಾಗು. ರೋಗ ಕಡಿಮಿ ಅಂದ್ರೂ 6 ತಿಂಗಳು ತಣ್ಣಗಿರಬೇಕು. ಲೂಪಸ್‌ಗೆ ಕೊಡೋ ಗುಳಿಗ್ಯಾಗ ಮೈಕೋಫಿನೊಲೇಟ್‌ನಂಥವು ಬಸುರಿಗೆ ಆಗಂಗಿಲ್ಲ, ಮೊದಲ ಬದಲಿಸ್ತಾರ, ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗಿ ಮಾತ್ರ ಯಾರೋ ಹೇಳಿದ್ರು ಅಂತ ನಿಲ್ಲಿಸಬ್ಯಾಡ. ರೋ, ಲಾ ಅನ್ನೋ ಆಂಟಿಬಾಡಿ ತಾಯಿ ರಕ್ತದಿಂದ ಕೂಸಿಗೆ ದಾಟತಾವ, ಅವು ನಿನಗ ಅದಾವೋ ಇಲ್ಲೋ ಕೇಳು. ರೋ ಇದ್ದ ತಾಯಂದಿರೊಳಗ 100ಕ್ಕ ಸುಮಾರು 2 ಮಂದಿ ಕೂಸಿಗೆ ಎದಿಬಡಿತ ನಿಧಾನಾಗೋ ತೊಂದ್ರಿ ಬರಬಹುದು, ಅದಕ್ಕ 16ನೇ ವಾರದ ಆಸುಪಾಸಿನಿಂದ ಹೊಟ್ಟ್ಯಾಗಿರೋ ಕೂಸಿನ ಎದಿಗೆ ಎಕೋ, ಅಂದ್ರ ಹೃದಯದ ಸ್ಕ್ಯಾನ್, ಮಾಡಿ ನೋಡ್ತಾರ. ಹುಟ್ಟಿದ ಕೂಸಿನ ಮೈಮ್ಯಾಲೆ ಗಂದಿ ಎದ್ರ ಗಾಬರಿ ಆಗಬ್ಯಾಡ, ಡಾಕ್ಟರಿಗೆ ತೋರಿಸು, ತಾಯಿಯಿಂದ ಬಂದ ಆಂಟಿಬಾಡಿ ಕರಗಿದಂಗ 6-8 ತಿಂಗಳದಾಗ ಹೋಗಿಬಿಡತೈತಿ.

ಸೋಮವಾರ ಸಿಂಧನೂರ ಮ್ಯಾಲಿಂದ ಬರೋ ಮುಂಜಾನಿ ಬಸ್ಸಿಗೆ ರಾಯಚೂರಿಗೆ ಬರ್ತೀನಿ. ನಿನ್ನ ರಿಪೋರ್ಟ್ ಫೈಲ್ ತಗದಿಡು, ಕೂಡಿ ಕುಂತು ಓದೂಣು, ಡಾಕ್ಟರಿಗೆ ಕೇಳೋದನ್ನ ಒಂದು ಹಾಳ್ಯಾಗ ಬರ್ಕೊಳ್ಳೂಣು. ಬಸ್ ಸ್ಟ್ಯಾಂಡಿಗೆ ನೀ ಬರಬ್ಯಾಡ, ಬಿಸಿಲು ಬಾಳ ಐತಿ, ನಾನ ಆಟೋ ಹಿಡ್ಕೊಂಡು ಬರ್ತೀನಿ.

ನಿನ್ನ ಚಿಕ್ಕವ್ವ