ಬ್ಯಾಸ್ಕೆಟ್‌ಬಾಲ್: ಬೆಂಚಿನವರನ್ನು ಬೇಗ ಇಳಿಸಿ

ಮಾನ್ಯ ಸಂಪಾದಕರೇ,

ಜಿಲ್ಲೆಯ ಶಾಲಾ–ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳಲ್ಲಿ ಮೂರನೇ ಕ್ವಾರ್ಟರ್‌ವರೆಗೂ ಮುಂದಿದ್ದ ತಂಡ ಕೊನೆಯ ಐದು ನಿಮಿಷಗಳಲ್ಲಿ ಪಂದ್ಯ ಕೈಚೆಲ್ಲುವುದು ಪದೇ ಪದೇ ನಡೆಯುತ್ತಿದೆ. ಮಕ್ಕಳಿಗೆ ಸ್ಟ್ಯಾಮಿನಾ ಸಾಲದು ಎಂದು ದೂರುತ್ತೇವೆ. ಆದರೆ ಎಷ್ಟೋ ಬಾರಿ ತಪ್ಪಿರುವುದು ಬೆಂಚಿನ ಲೆಕ್ಕ, ಅಂದರೆ ಬದಲಿ ಆಟಗಾರರನ್ನು ಯಾವಾಗ ಇಳಿಸಬೇಕೆಂಬ ಲೆಕ್ಕ.

ಹಾಕಿ ನೋಡಿ ಬೆಳೆದ ಕೊಡಗಿನವರಿಗೆ ಆಟ ನಡೆಯುತ್ತಿರುವಾಗಲೇ ಆಟಗಾರರನ್ನು ಬದಲಿಸುವುದು ರೂಢಿ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದು ಆಗದು. ಚೆಂಡು ಆಟದಲ್ಲಿಲ್ಲದೆ, ಗಡಿಯಾರ ನಿಂತಾಗಲೇ ಬದಲಾವಣೆ. ಅದನ್ನು ಕೇಳಬೇಕಾದವರು ಕೋಚ್ ಅಲ್ಲ, ಒಳಗೆ ಹೋಗುವ ಆಟಗಾರರೇ ಸ್ಕೋರರ್ ಮೇಜಿಗೆ ಹೋಗಿ ಹೇಳಿ ಸಿದ್ಧರಾಗಿರಬೇಕು. ಸುಸ್ತು ಕಂಡ ಮೇಲೆ ಕಳುಹಿಸಿದರೆ ಸೀಟಿ ಬೀಳುವಷ್ಟರಲ್ಲಿ ಎದುರಾಳಿಗಳು ಎರಡು ಬ್ಯಾಸ್ಕೆಟ್ ಹಾಕಿಬಿಟ್ಟಿರುತ್ತಾರೆ.

10 ನಿಮಿಷಗಳ ನಾಲ್ಕು ಕ್ವಾರ್ಟರ್, ಅಂಕಣದಲ್ಲಿ ಐವರು: ಹಂಚಲು ಇರುವುದು ಒಟ್ಟು 200 ನಿಮಿಷ. ಮುಖ್ಯ ಐವರಿಗೆ ತಲಾ 28, ಮುಂದಿನ ಮೂವರಿಗೆ ತಲಾ 16, ಒಂಬತ್ತನೆಯವರಿಗೆ 12 ಕೊಟ್ಟರೆ ಸರಿಹೋಗುತ್ತದೆ. ಮೊದಲ ಕ್ವಾರ್ಟರ್ ಮುಗಿಯಲು ಎರಡು ನಿಮಿಷ ಇರುವಾಗ ಮುಖ್ಯ ಆಟಗಾರರಲ್ಲಿ ಇಬ್ಬರನ್ನು ಹೊರಗೆ ಕರೆಯಿರಿ. ನಡುವಿನ ಎರಡು ನಿಮಿಷಗಳ ವಿರಾಮ, ಎರಡನೇ ಕ್ವಾರ್ಟರ್‌ನ ಮೊದಲ ಎರಡು ನಿಮಿಷ ಸೇರಿದರೆ ಆರು ನಿಮಿಷ ಆಯಿತು. ಗಡಿಯಾರ ನಿಲ್ಲುವ ಹೊತ್ತನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಆಟದ ನಾಲ್ಕೇ ನಿಮಿಷ ಬಿಟ್ಟುಕೊಟ್ಟು ಇಷ್ಟು ವಿಶ್ರಾಂತಿ ಸಿಗುತ್ತದೆ.

ಐವರನ್ನೂ ಒಮ್ಮೆಲೇ ಬದಲಿಸುವುದು ಮಾತ್ರ ದೊಡ್ಡ ತಪ್ಪು. ಚೆಂಡನ್ನು ನಿಯಮದಂತೆ ಎಂಟು ಸೆಕೆಂಡಿನೊಳಗೆ ಅರ್ಧ ಗೆರೆ ದಾಟಿಸಬಲ್ಲ ಒಬ್ಬರು, ರಿಬೌಂಡ್ (ಬ್ಯಾಸ್ಕೆಟ್‌ಗೆ ಬೀಳದೆ ಪುಟಿದ ಚೆಂಡು) ಹಿಡಿಯಬಲ್ಲ ಎತ್ತರದ ಒಬ್ಬರು ಸದಾ ಅಂಕಣದಲ್ಲಿರಬೇಕು. ಇವರಿಬ್ಬರಿಗೂ ಒಟ್ಟಿಗೆ ವಿಶ್ರಾಂತಿ ಕೊಟ್ಟರೆ ಹತ್ತು ಅಂಕಗಳ ಮುನ್ನಡೆಯೂ ನಿಲ್ಲುವುದಿಲ್ಲ.

ದಣಿವು ಮೊದಲು ಕಾಣುವುದು ಕಾಲಿನಲ್ಲಿ. ಫ್ರೀ ಥ್ರೋ (ಫೌಲ್‌ಗೆ ಸಿಗುವ, ಯಾರೂ ತಡೆಯದ ಎಸೆತ) ರಿಂಗ್‌ನ ಮುಂಭಾಗಕ್ಕೆ ಬಡಿಯತೊಡಗುತ್ತದೆ. ಡಿಫೆನ್ಸ್‌ನಲ್ಲಿ ಹೆಜ್ಜೆ ಇಡುವ ಬದಲು ಕೈ ಚಾಚುತ್ತಾರೆ. ಅಲ್ಲಿಂದ ಫೌಲ್ ಶುರು. ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ, ಆಟಗಾರರ ಐದನೇ ಫೌಲ್‌ಗೆ ಅವರು ಪಂದ್ಯದಿಂದಲೇ ಹೊರಗೆ. ಮೊದಲ ಕ್ವಾರ್ಟರ್‌ನಲ್ಲೇ ಎರಡು ಫೌಲ್ ಮಾಡಿದವರನ್ನು ಕೂರಿಸುವುದು ಸರಿ, ಆದರೆ ಮರೆತೇಬಿಡಬಾರದು. ಒಳ್ಳೆಯ ಆಟಗಾರ ಎರಡೇ ಫೌಲ್‌ನೊಂದಿಗೆ ಬೆಂಚಿನಲ್ಲಿ ಕೂತು ಪಂದ್ಯ ಮುಗಿಸಿದರೆ ಅದೂ ನಷ್ಟವೇ.

ನಮ್ಮ ಮಳೆಗಾಲದಲ್ಲಿ ತೆರೆದ ಅಂಕಣಗಳು ಪಾಚಿ ಕಟ್ಟಿ ವಾರಗಟ್ಟಲೆ ಅಭ್ಯಾಸ ನಿಲ್ಲುತ್ತದೆ. ಮಳೆ ಬಿಟ್ಟ ಕೂಡಲೇ ಪಂದ್ಯಕ್ಕಿಳಿಯುವ ತಂಡಕ್ಕೆ ಒಂಬತ್ತು ಮಂದಿ ಬೇಕೇ ಬೇಕು. ದೈಹಿಕ ಶಿಕ್ಷಕರು ಅಭ್ಯಾಸದಲ್ಲಿ ‘ಮುಖ್ಯ ಐವರು, ಉಳಿದ ಐವರು’ ಎಂದು ಎದುರುಬದುರು ನಿಲ್ಲಿಸುವುದನ್ನು ಬಿಟ್ಟು, ಮೂವರು ಮುಖ್ಯ ಆಟಗಾರರೊಂದಿಗೆ ಇಬ್ಬರು ಬದಲಿ ಆಟಗಾರರನ್ನು ಸೇರಿಸಿ ಆಡಿಸಲಿ. ಪಂದ್ಯದಲ್ಲಿ ಹೆಚ್ಚು ಹೊತ್ತು ಅಂಕಣದಲ್ಲಿರುವುದು ಇಂಥ ಮಿಶ್ರ ತಂಡವೇ.

– ಬ್ಯಾಸ್ಕೆಟ್‌ಬಾಲ್ ತರಬೇತುದಾರರು, ಮಡಿಕೇರಿ