ಮಾತಿನ ಮಧ್ಯೆ ನಿಲ್ಲಿಸಿದರೆ

ಡೊಂಬಿವಲಿ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪುಣೆಯ ಮನೆ, ಬಾಡಿಗೆ, ನಿನ್ನಮ್ಮನ ಮಂಡಿನೋವು ಎಲ್ಲ ತಿಳಿಯಿತು. ಆದರೆ ನಿನ್ನ ರೇಡಿಯೋ ಕಾರ್ಯಕ್ರಮದ ಬಗ್ಗೆ "ಮಾತಾಡ್ತಾ ಇರುವಾಗಲೇ ಒಂದು ದಿನ ನಿಲ್ಲಿಸಿಬಿಟ್ಟರೆ ಏನು ಮಾಡಲಿ ದೊಡ್ಡಪ್ಪ?" ಅಂತ ಬರೆದಿದ್ದೀಯಲ್ಲ, ಆ ಸಾಲು ನನ್ನ ನಿದ್ದೆ ಕೆಡಿಸಿತು.

ನೀನು ಹೇಳಿದ ಕೆನಡಾದ ವಿಷಯವನ್ನು ಮೊಮ್ಮಗಳಿಂದ ಓದಿಸಿ ಕೇಳಿದೆ. 2001ರ ಮೇನಲ್ಲಿ ಚಮ್ ಕಂಪನಿ ತನ್ನ ರೇಡಿಯೋ ಸ್ಟೇಷನ್ನುಗಳನ್ನು ಜೋಡಿಸಿ ಬರೀ ಆಟೋಟದ ಮಾತಿಗೆ 'ದಿ ಟೀಮ್' ಅನ್ನುವ ಜಾಲ ಶುರುಮಾಡಿತಂತೆ. ಟೊರಾಂಟೊದಲ್ಲಿ ಜನರಿಗೆ ಪ್ರಿಯವಾಗಿದ್ದ ಹಳೇ ಹಾಡುಗಳನ್ನು ತೆಗೆದು ಇದನ್ನು ತಂದರು. ಅಲ್ಲಿ ಆಗಲೇ 'ದಿ ಫ್ಯಾನ್' ಅನ್ನುವ ಇನ್ನೊಂದು ಆಟೋಟದ ಸ್ಟೇಷನ್ನು ಬೇರೂರಿತ್ತು. ಮರುವರ್ಷ ಆಗಸ್ಟಿಗೆ ಜಾಲ ಮುಗಿಯಿತು, ಹಾಡು ವಾಪಸು ಬಂತು. ಆದರೆ ವ್ಯಾಂಕೂವರಿನ 1040 ಸ್ಟೇಷನ್ನು ಉಳಿಯಿತಲ್ಲ ಮಗಾ! ಕನಕ್ಸ್ ಐಸ್ ಹಾಕಿ ತಂಡದ ಸೋಲು ಗೆಲುವನ್ನು ಊರಿನವರ ಜೊತೆ ಮಾತಾಡುತ್ತಾ ಎಷ್ಟೋ ವರ್ಷ ಬದುಕಿತು. 2021ರ ಫೆಬ್ರವರಿ 9ರಂದು, ಆಗಿನ ಮಾಲೀಕರಾದ ಬೆಲ್ ಕಂಪನಿಯವರು ಬೆಳಗಿನ ಕಾರ್ಯಕ್ರಮದ ನಡುವೆಯೇ ಅದನ್ನೂ ನಿಲ್ಲಿಸಿದರು. ವಿನ್ನಿಪೆಗ್, ಹ್ಯಾಮಿಲ್ಟನ್ನಿನದೂ ಅದೇ ದಿನ. ನಿನ್ನ ಭಯ ಸುಳ್ಳಲ್ಲ.

ನನಗೆ ಆ ಭಯ ಗೊತ್ತು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಕರೆಗೆ ಮುಂಬಯಿಯ ಬಟ್ಟೆ ಮಿಲ್ಲುಗಳಿಂದ ಮುಷ್ಕರಕ್ಕೆ ಹೊರಬಂದ ಎರಡೂವರೆ ಲಕ್ಷ ಜನರಲ್ಲಿ ನಾನೂ ಒಬ್ಬ. ಮಿಲ್ಲಿನ ಕಥೆ ನೀನು ಕೇಳಿದ್ದೇ. ಕೇಳದ್ದು ಇದು: ಮುಷ್ಕರ ಮುಗಿಯಿತು ಅಂತ ಇವತ್ತಿನವರೆಗೂ ಯಾರೂ ಘೋಷಿಸಿಲ್ಲ. ನಾಳೆ ಕರೆಯುತ್ತಾರೆ, ನಾಡಿದ್ದು ಕರೆಯುತ್ತಾರೆ ಅಂತ ಗೇಟಿನ ಮುಂದೆ ಕಾಯುತ್ತಿದ್ದೆವು. ಅಷ್ಟರಲ್ಲಿ ಪಕ್ಕದ ಲೂಮಿನವರು ಒಬ್ಬೊಬ್ಬರಾಗಿ ಊರು ಸೇರಿದರು. ಒಬ್ಬರಿಗೂ 'ಹೋಗಿ ಬನ್ನಿ' ಅನ್ನುವ ಗಳಿಗೆ ಸಿಗಲಿಲ್ಲ. ಕೆಲಸ ಹೋದದ್ದಕ್ಕಿಂತ ಆ ಕೊರಗೇ ಈಗಲೂ ಹೆಚ್ಚು.

ಅದಕ್ಕೇ, ಮೈಕಿನ ಕೆಲಸ ನನಗೆ ತಿಳಿಯದಿದ್ದರೂ ಹೇಳುತ್ತೇನೆ, ಬೇಸರಿಸಬೇಡ. ಕೇಳುಗರಿಗೆ ಹೇಳಬೇಕಾದ ಒಳ್ಳೆಯ ಮಾತನ್ನು ನಾಳೆಗೆ ಅಂತ ಉಳಿಸಬೇಡ, ಆ ದಿನವೇ ಹೇಳಿಬಿಡು. ಮಧ್ಯದಲ್ಲಿ ನಿಲ್ಲಿಸಿದರೂ ಅದು ಅವರನ್ನು ಮುಟ್ಟಿರುತ್ತದೆ. ನಿನ್ನ ಧ್ವನಿಮುದ್ರಣಗಳ ಒಂದು ಪ್ರತಿ ಮನೆಯಲ್ಲಿರಲಿ, ಆಫೀಸಿನವರು ಒಪ್ಪಿದರೆ. ವ್ಯಾಂಕೂವರಿನ ಆ ಬೆಳಗಿನ ಕಾರ್ಯಕ್ರಮದ ಜೋಡಿ ಆಮೇಲೆ ಅದೇ ಊರಿನ ಎದುರಾಳಿ ಸ್ಟೇಷನ್ನಿನಲ್ಲಿ ಮಾತಾಡಿತಂತೆ. ಇದನ್ನು ಓದಿದಾಗ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ?

ಇನ್ನೊಂದು. ಈ ಸಂಬಳ ನಂಬಿ ಈ ವರ್ಷ ಮನೆ ಸಾಲ ಬೇಡ. ನಿಮ್ಮಪ್ಪನಿಗೆ ನಾನೇ ಹೇಳುತ್ತೇನೆ.

ನಿನ್ನ
ದೊಡ್ಡಪ್ಪ