ಬಂಗಡೆಯೊಳಗಿನ ಟರ್ಬೈನು, ಮತ್ತೆ ಒಂದಿಷ್ಟು ಥ್ಯಾಂಕ್ಸ್

ಕಳೆದ ಗುರುವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಏಳು ವರ್ಷ ಹಿಡಿಯಿತು. ಕಾರವಾರದಲ್ಲಿ ಎದುರಾದವರೆಲ್ಲ "ಇನ್ನೂ ಮುಗೀಲಿಲ್ವಾ?" ಎಂದು ಕೇಳುವುದು ಇನ್ನಾದರೂ ನಿಲ್ಲಬಹುದು. ಗೈಡ್‌ಗೆ, ಲ್ಯಾಬಿನ ಗೆಳೆಯರಿಗೆ ಥೀಸಿಸಿನ ಮೊದಲ ಪುಟದಲ್ಲೇ ವಂದನೆ ಹೇಳಿದ್ದೇನೆ. ಅದು ಇಂಗ್ಲಿಷಿನಲ್ಲಿದೆ. ಅದನ್ನು ಓದದ ಇಬ್ಬರಿಗಾಗಿ ಇದು.

ಮೊದಲು ಬೈತಖೋಲ ಬಂದರಿನ ಮೀನಿನ ಅಕ್ಕ. ನನಗೆ ಬೇಕಿದ್ದದ್ದು ಬಂಗಡೆ, ಅದರಲ್ಲೂ ಚರ್ಮದ ಕೆಳಗೆ ಪಕ್ಕೆಯುದ್ದಕ್ಕೂ ಇರುವ ಕೆಂಪು ಮಾಂಸದ ಪಟ್ಟಿ. ಬಂಗಡೆ ಸುಮ್ನೆ ಒಂದು ಕಡೆ ನಿಲ್ಲುವ ಮೀನಲ್ಲ. ಅದರ ಈಜಿಗೆ ಶಕ್ತಿ ಕೊಡುವ ಮೈಟೊಕಾಂಡ್ರಿಯಗಳು, ಅಂದರೆ ಜೀವಕೋಶದೊಳಗಿನ ಪುಟ್ಟ ಪವರ್‌ಹೌಸುಗಳು, ಆ ಪಟ್ಟಿಯಲ್ಲೇ ಜಾಸ್ತಿ. ಆದರೆ ಮೀನು ಹಳತಾದರೆ ಅವೂ ಕೆಟ್ಟವು. ಬೆಳಗಿನ ಜಾವ ಐಸ್ ಡಬ್ಬಿ ಹಿಡಿದು ನಿಂತರೆ ಅಕ್ಕ ಕಿವಿರು ಎತ್ತಿ ನೋಡಿ, "ಇದು ನಿನ್ನೆಯದು, ನಿಂಗೆ ಬೇಡ" ಎಂದು ಪಕ್ಕಕ್ಕಿಡುತ್ತಿದ್ದರು. ಮಾರುವವರ ಬಾಯಲ್ಲಿ ಈ ಮಾತು ನೀವು ಎಲ್ಲಾದರೂ ಕೇಳಿದ್ದೀರಾ? ಪಟ್ಟಿ ಲ್ಯಾಬಿಗೆ, ಉಳಿದದ್ದು ಮನೆಯ ಸಾರಿಗೆ. ಜೂನ್, ಜುಲೈನ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧ, ನನ್ನ ಕೆಲಸವೂ ಬಂದ್. ಆಗಲೂ ನಾಡದೋಣಿಯ ಬಲೆಗೆ ನಾಲ್ಕು ಬಂಗಡೆ ಬಿದ್ದರೆ ಅಕ್ಕನ ಫೋನ್ ಬರುತ್ತಿತ್ತು.

ಇನ್ನೊಬ್ಬರು ಅಪ್ಪ. ಕಾಳಿ ನದಿಯ ಕದ್ರಾ ಡ್ಯಾಮಿನ ಪವರ್‌ಹೌಸಿನಲ್ಲಿ ಆಪರೇಟರ್ ಆಗಿದ್ದವರು. ನನ್ನ ಥೀಸಿಸ್ ಇರುವುದು ಒಂದು ಕಿಣ್ವದ ಮೇಲೆ. ಅದರ ಹೆಸರು ಎಟಿಪಿ ಸಿಂಥೇಸ್, ಮೈಟೊಕಾಂಡ್ರಿಯದ ಒಳಪೊರೆಯಲ್ಲಿ ನಾಟಿಕೊಂಡಿರುತ್ತದೆ. ಒಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ವಿವರಿಸಿದೆ. ತಿಂದ ಅನ್ನದಿಂದ ಬಂದ ಶಕ್ತಿ ಪ್ರೋಟಾನುಗಳನ್ನು ಪೊರೆಯ ಆಚೆ ತಳ್ಳಿ ಕೂಡಿಡುತ್ತದೆ. ಅವು ವಾಪಸು ಬರುವ ಮುಖ್ಯ ದಾರಿ ಈ ಕಿಣ್ವ. ಬರುವಾಗ ಅದರೊಳಗಿನ ಚಕ್ರ ತಿರುಗುತ್ತದೆ. ಒಂದು ಸುತ್ತಿಗೆ ಮೂರು ಎಟಿಪಿ. ಜೀವಕೋಶದ ಖರ್ಚಿಗೆ ಅದೇ ಚಿಲ್ಲರೆ ಕಾಸು.

"ಅಂದ್ರೆ ಕಾಳಿ ನೀರು, ಡ್ಯಾಮು, ಟರ್ಬೈನು. ಇಷ್ಟನ್ನ ಓದ್ಲಿಕ್ಕೆ ಇಷ್ಟು ವರ್ಷ ಬೇಕಾ?" ಎಂದರು.

ವಿಜ್ಞಾನಿಗಳು ಅಪ್ಪನಷ್ಟು ಬೇಗ ಒಪ್ಪಿರಲಿಲ್ಲ. ಪ್ರೋಟಾನು ಕೂಡಿಡುವ ಮಾತನ್ನು ಪೀಟರ್ ಮಿಚೆಲ್ 1961ರಲ್ಲೇ ಆಡಿದ್ದರು. ಬಹಳ ಜನ ನಂಬಲಿಲ್ಲ. ನೊಬೆಲ್ ಬಂದದ್ದು 1978ರಲ್ಲಿ. ಚಕ್ರ ನಿಜಕ್ಕೂ ತಿರುಗುವುದನ್ನು ಜಪಾನಿನ ತಂಡವೊಂದು ಮೈಕ್ರೋಸ್ಕೋಪಿನಲ್ಲಿ ತೋರಿಸುವಷ್ಟರಲ್ಲಿ 1997 ಆಗಿತ್ತು.

ಕೈ ತೊಳೆಯುತ್ತ ಅಪ್ಪ ಇನ್ನೊಂದು ಕೇಳಿದರು: "ಅದು ಉಲ್ಟಾ ತಿರುಗುತ್ತಾ?"

ತಿರುಗುತ್ತದೆ. ಆಮ್ಲಜನಕ ನಿಂತು ಪ್ರೋಟಾನಿನ ಒತ್ತಡ ಇಳಿದರೆ, ಅದೇ ಕಿಣ್ವ ಎಟಿಪಿಯನ್ನು ಒಡೆದು ಪ್ರೋಟಾನುಗಳನ್ನು ವಾಪಸು ಪಂಪ್ ಮಾಡುತ್ತದೆ. ಶರಾವತಿಯಲ್ಲಿ ಕೆಳಗಿನ ನೀರನ್ನು ಮತ್ತೆ ಮೇಲಕ್ಕೆ ಪಂಪ್ ಮಾಡುವ ಪಂಪ್ಡ್ ಸ್ಟೋರೇಜ್ ಅಂತ ಜಗಳ ಇದೆಯಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಕೂಡಿಟ್ಟದ್ದೆಲ್ಲ ಹೀಗೆ ಖಾಲಿಯಾಗದಂತೆ ಬ್ರೇಕ್ ಹಾಕಲು ಐಎಫ್1 ಎಂಬ ಪುಟ್ಟ ಪ್ರೋಟೀನ್ ಇದೆ. ಬಲೆಯಲ್ಲಿ ಉಸಿರುಗಟ್ಟಿದ ಬಂಗಡೆಯಲ್ಲಿ ಆ ಬ್ರೇಕ್ ಎಷ್ಟು ಹೊತ್ತು ಹಿಡಿಯುತ್ತದೆ? ನನ್ನ ನಾಲ್ಕನೇ ಅಧ್ಯಾಯ ಪೂರ್ತಿ ಇದೇ. ಪ್ರಶ್ನೆ ಅಪ್ಪನದು. ಥೀಸಿಸಿನಲ್ಲಿ ಹಾಗೆ ಬರೆಯಲು ಆಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಮೂರನೇ ವರ್ಷದ ಮಳೆಗಾಲ ನೆನೆಸಿಕೊಂಡರೆ ಈಗಲೂ ಹೊಟ್ಟೆ ತೊಳಸುತ್ತದೆ. ರಾತ್ರಿ ಕರೆಂಟು ಹೋಯಿತು, ಜನರೇಟರ್ ಕೈಕೊಟ್ಟಿತು, ಡೀಪ್ ಫ್ರೀಜರ್ ಕರಗಿತು. ಎರಡು ವರ್ಷದ ಸ್ಯಾಂಪಲ್ಲು ನೀರುಪಾಲು. (ಕರೆಂಟು ತಯಾರಾಗುವುದು ನಮ್ಮ ತಾಲೂಕಿನಲ್ಲೇ, ಅದು ಬೇರೆ ಮಾತು.) ಬಿಟ್ಟುಬಿಡುತ್ತೇನೆ ಎಂದು ಅತ್ತೆ. ಅಪ್ಪ ಬುದ್ಧಿ ಹೇಳಲಿಲ್ಲ. ಎರಡು ದಿನ ಬಿಟ್ಟು ಚೀಲ ಹಿಡಿದು ಲ್ಯಾಬಿಗೆ ಬಂದರು. ಒಂದು ಹಳೇ ರಿಲೇ, ಬ್ಯಾಟರಿ, ಸ್ಕೂಟರಿನ ಹಾರ್ನ್. ಫ್ರೀಜರಿಗೆ ಕರೆಂಟು ತಪ್ಪಿದರೆ ಇಡೀ ಕಟ್ಟಡ ಎದ್ದು ಕೂರುವಂತೆ ಕೂಗುವ ಅಲಾರಂ. ಆಮೇಲೆ ಒಂದೇ ಒಂದು ಸ್ಯಾಂಪಲ್ಲೂ ಹೋಗಲಿಲ್ಲ. ವಾಚ್‌ಮನ್ ಅಣ್ಣನ ನಿದ್ದೆ ಮಾತ್ರ ಎಷ್ಟೋ ಸಲ ಹೋಯಿತು. ಕ್ಷಮಿಸಿ ಅಣ್ಣ.

ವೈವಾ ಮುಗಿಸಿ ಪೇಡೆ ಹಿಡಿದು ಬಂದರಿಗೆ ಹೋದೆ. "ಇನ್ನು ನಿಂಗೆ ಬಂಗಡೆ ಬೇಡ ಅಲ್ವಾ?" ಎಂದರು ಅಕ್ಕ, ಸ್ವಲ್ಪ ಬೇಜಾರಿನಲ್ಲೇ.

ಬೇಕು ಅಕ್ಕ. ಭಾನುವಾರಕ್ಕೆ ಎರಡು ಕೆಜಿ ತೆಗೆದಿಡಿ. ಈ ಸಲ ಪಟ್ಟಿಯೂ ಸಾರಿಗೇ.